ಹಿಂದಿನ ಬೆಂಚಿನವರು ಬಾಯಿ ಬಿಡಲ್ಲ, ಏನು ಮಾಡಲಿ? ಅನುಭವ ಇದ್ದವರು ಹೇಳಿ

ಕೇಳಿದವರು: ಮೈಸೂರು ಕಡೆಯವಳು. ಜೂನ್‌ನಲ್ಲಿ ಯಾದಗಿರಿ ಜಿಲ್ಲೆಯ ಸರ್ಕಾರಿ ಪ್ರೌಢಶಾಲೆಗೆ ಗಣಿತ ಶಿಕ್ಷಕಿಯಾಗಿ ಬಂದೆ. ಎಂಟನೇ ತರಗತಿಯಲ್ಲಿ ಏಳೆಂಟು ಮಕ್ಕಳು ಹಿಂದೆ ಕೂತು ಬಾಯಿ ಬಿಡುವುದೇ ಇಲ್ಲ. ದಸರಾ ರಜೆ ಮುಗಿದರೂ ನಾಲ್ವರ ಪತ್ತೆಯಿಲ್ಲ. ಬೈದೆ, ಬುದ್ಧಿ ಹೇಳಿದೆ. ಏನೂ ಆಗಲಿಲ್ಲ.

ನಿವೃತ್ತ ಶಿಕ್ಷಕ, ರಾಯಚೂರು: ಟೀಚರ್ರೇ, ದಸರಾ ಆದಮೇಲೆ ನಮ್ಮ ಕಡೆ ಹತ್ತಿ ಬಿಡಿಸೋ ಕಾಲ. ನಾಲ್ವರೂ ಹೊಲದಲ್ಲಿರ್ತಾರೆ, ಇಲ್ಲಾ ಅಪ್ಪ ಅವ್ವನ ಜೊತೆ ಗುಳೆ ಹೋಗಿರ್ತಾರೆ.

ನಾನು ಮಾಡಿದ ತಪ್ಪು ಹೇಳ್ತೀನಿ. ಮೂರು ವಾರ ಬಿಟ್ಟು ಬಂದ ಹುಡುಗಿಯ ಅಕ್ಷರ ಕೋಳಿ ಕೆದರಿದ ಹಾಗಿತ್ತು. ನೋಟ್‌ಬುಕ್ ಎತ್ತಿ ಹಿಡಿದು ಎಲ್ಲರಿಗೂ ತೋರಿಸಿದೆ, ಎಲ್ಲರೂ ನಕ್ಕರು. (ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ಹೊಡೆಯೋದನ್ನಷ್ಟೇ ಅಲ್ಲ, ಮನಸ್ಸು ನೋಯಿಸೋ ಹಿಂಸೆಯನ್ನೂ ನಿಷೇಧಿಸುತ್ತೆ. ಬೆತ್ತ ಮುಟ್ಟಿಲ್ಲ ಅಂತ ನಾನು ಬೀಗ್ತಿದ್ದೆ.) ಮರುದಿನ ಅವಳು ಮುಷ್ಟಿ ಬಿಗಿದುಕೊಂಡೇ ಕೂತಿದ್ದಳು. ಬಿಡಿಸಿ ನೋಡಿದರೆ ಒಣಗಿದ ಹತ್ತಿ ಕಾಯಿಯ ಚೂಪು ಚುಚ್ಚಿ ಉಗುರಿನ ಬುಡವೆಲ್ಲ ಸೀಳಿತ್ತು. ಆ ಬೆರಳಲ್ಲಿ ಪೆನ್ನು ಹಿಡಿಯೋದು ಹೆಂಗೆ?

ಎಷ್ಟು ಬಿಡಿಸಿದೆ ಅಂತ ಕೇಳಿದೆ. "ನಾ 25 ಕೆಜಿ, ಅವ್ವ 40 ರೀ. ಕೆಜಿಗೆ 12ರಂಗ 780 ಆತ್ರಿ, ಹೊಲದವರು 750 ಕೊಟ್ರು." ತಟ್ಟನೆ ಹೇಳಿದಳು. ಗುಣಾಕಾರದ ಕಿರುಪರೀಕ್ಷೆಯಲ್ಲಿ ಅದೇ ಹುಡುಗಿಗೆ ನಾನು ಸೊನ್ನೆ ಕೊಟ್ಟಿದ್ದೆ. ಅವತ್ತಿನ ಪಾಠ ಬಿಟ್ಟು 780ಕ್ಕೆ 30 ಅಂದ್ರೆ ಶೇಕಡಾ ಎಷ್ಟು ಅಂತ ಬೋರ್ಡ್ ಮೇಲೆ ಬರೆದೆ. 3.85ರ ಹತ್ತಿರ ಬಂತು. ಹಿಂದಿನ ದಿನ ನಕ್ಕವರೇ ಹೊಲದವರ ಮೇಲೆ ಸಿಟ್ಟಾದರು.

13 ವರ್ಷದವಳು ಕೂಲಿಗೆ ಹೋಗೋದು ಕಾನೂನಿಗೆ ವಿರುದ್ಧವೇ. ಆದರೆ ಕಾನೂನು ಹಿಡಿದುಕೊಂಡು ಅವ್ವನ ಮುಂದೆ ನಿಲ್ಲಬೇಡಿ. ನಾನು ರಾತ್ರಿ ಎಂಟಕ್ಕೆ ಮನೆಗೆ ಹೋಗಿ ಚಹಾ ಕುಡಿದು ಮಾತಾಡಿದೆ. ಪೂರ್ತಿ ಗೆದ್ದೆ ಅನ್ನಲ್ಲ, ಆ ಸೀಸನ್‌ನಲ್ಲಿ ವಾರಕ್ಕೆ ನಾಲ್ಕು ದಿನ ಬಂದಳು.

ತಾಂಡಾದ ಹುಡುಗ, ಈಗ ಲೈನ್‌ಮನ್: ನಮ್ಮ ಮನೇಲಿ ಲಂಬಾಣಿ. ಲೆಕ್ಕ ಬರ್ತಿತ್ತು, 'ಲಬ್ಧ', 'ಛೇದ' ಅಂತ ಬಾಯಿ ತಿರುಗ್ತಿರಲಿಲ್ಲ. ಒಮ್ಮೆ ನಕ್ಕರು, ಆಮೇಲೆ ಎರಡು ವರ್ಷ ಎದ್ದು ನಿಲ್ಲಲಿಲ್ಲ. ನಿಮ್ಮ ಮೈಸೂರು ಕನ್ನಡವೂ ಆ ಮಕ್ಕಳಿಗೆ ಅರ್ಧ ಹೊಸ ಭಾಷೆನೇ, ಬೇಜಾರಾಗಬೇಡಿ. ಬೋರ್ಡಿಗೆ ಕರೆದು ಬರೆಯೋಕೆ ಬಿಡಿ, ಬಾಯಲ್ಲಿ ಹೇಳು ಅನ್ನಬೇಡಿ.

ಸಿ.ಆರ್.ಪಿ. (ಸುತ್ತಲಿನ ಶಾಲೆಗಳಿಗೆ ಮಾರ್ಗದರ್ಶನ ಮಾಡುವ ಸಂಪನ್ಮೂಲ ವ್ಯಕ್ತಿ) ಆಗಿದ್ದವರು: ನಾಲ್ವರ ಹೆಸರು ಹಾಜರಿಯಿಂದ ಹೊಡೆದು ಹಾಕಬೇಡಿ. ಗುಳೆ ಹೋಗಿದ್ದರೆ ಎಲ್ಲಿಗೆ ಅಂತ ಅಜ್ಜಿಯನ್ನು ಕೇಳಿ, ಅಜ್ಜಿ ಊರಲ್ಲೇ ಇರ್ತಾಳೆ. ಟಿ.ಸಿ. ತಡವಾಯ್ತು ಅಂತ ಎಂಟನೇ ತರಗತಿವರೆಗೆ ಯಾವ ಸರ್ಕಾರಿ ಶಾಲೆಯೂ ಪ್ರವೇಶ ನಿರಾಕರಿಸೋ ಹಾಗಿಲ್ಲ. ಈ ಮಾತು ಅಪ್ಪನಿಗೆ ಫೋನ್ ಮಾಡಿ ಹೇಳಿ.

ಕೇಳಿದವರು: ಇವತ್ತು ನಾಲ್ವರಲ್ಲಿ ಒಬ್ಬ ಬಂದ. ಬೈಯಲಿಲ್ಲ. ಕೆಜಿಗೆ ಎಷ್ಟು ಕೊಡ್ತಾರೆ ಅಂದೆ. "ಯಾಕ್ರಿ ಟೀಚರ್, ನೀವೂ ಬರ್ತೀರೇನು?" ಅಂದ. ಜೂನ್‌ನಿಂದ ಅವನು ನನ್ನ ಹತ್ತಿರ ಆಡಿದ ಮೊದಲ ಮಾತು.