‘ದೀಪ ಆರಿಸಿ’ ಅನ್ನಬಹುದಾ? ಪೋಸ್ಟರ್‌ಗೆ ಇವತ್ತೇ ಬೇಕು

ನಮಸ್ಕಾರ. ಈ ಶನಿವಾರ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಅರ್ತ್ ಅವರ್. ರಾತ್ರಿ 8:30ರಿಂದ 9:30ರವರೆಗೆ ಲೈಟು ಹಾಕಬಾರದು, ಅಷ್ಟೇ. ಹವಾಮಾನ ಬದಲಾವಣೆ ಕಡೆ ಜನರ ಗಮನ ಸೆಳೆಯಲು 2007ರ ಮಾರ್ಚ್ 31ರಂದು ಸಿಡ್ನಿಯಲ್ಲಿ ಶುರುವಾದದ್ದು. ಲಿಫ್ಟಿನ ಪಕ್ಕ ಅಂಟಿಸುವ ಕನ್ನಡ ಪೋಸ್ಟರ್ ನನ್ನ ತಲೆ ಮೇಲೆ ಬಿದ್ದಿದೆ. ‘ಭೂಮಿ ಗಂಟೆ’ ಅಂತ ಬರೆದೆ, ಯಾವ ದೇವಸ್ಥಾನದ್ದು ಅಂತ ಕೇಳಿದರು. ಕೆಳಗೆ ‘ದೀಪ ಆರಿಸಿ’ ಅಂತ ಇತ್ತು. ಮೊದಲ ಮಹಡಿಯ ಅಜ್ಜಿ ನೋಡಿ, ಅದೆಂಥಾ ಮಾತು, ಮೊದಲು ಅಳಿಸು ಅಂದರು. ಸಂಜೆ 6ಕ್ಕೆ ಪ್ರಿಂಟಿಗೆ ಕೊಡಬೇಕು. ಬೇರೆ ಪದ ಇದೆಯಾ?

—

ಅಜ್ಜಿ ಹೇಳಿದ್ದು ಸರಿ. ದೀಪಕ್ಕೆ ಆರಿಸು ಅನ್ನೋದು ಅಶುಭ ಅಂತ ನಮ್ಮ ಮನೆಯಲ್ಲಿ ‘ದೀಪ ದೊಡ್ಡದು ಮಾಡು’ ಅಂತಿದ್ದರು. ತೆಲುಗಿನಲ್ಲಿ ದೀಪ ಆರಿತು ಅನ್ನೋದಿಲ್ಲ, ಬೆಟ್ಟ ಹತ್ತಿತು ಅಂತಾರೆ. ಇನ್ನು ‘ಆರು’ ಹಳಗನ್ನಡದಲ್ಲಿ ಆಱು. ಆ ಱ ಹೋದಮೇಲೆ ‘ದೀಪ ಆರಿಸಿ’ ಅಂದರೆ ಚುನಾವಣೆ ಚಿಹ್ನೆ ಥರ ಕೇಳುತ್ತೆ. ‘ನಂದಿಸಿ’ ಅನ್ನಿ. ನಂದು ನಮ್ಮದೇ ಧಾತು. ನಂದಾದೀಪ ಅಂದರೆ ನಂದದ ದೀಪ, ಸಂಸ್ಕೃತದ ಆನಂದಕ್ಕೂ ಅದಕ್ಕೂ ಸಂಬಂಧ ಇಲ್ಲ ಅಂತ ಇಲ್ಲಿ ಎಷ್ಟು ಸಲ ಬರೆದರೂ ಯಾರೂ ಕಿವಿಗೆ ಹಾಕಿಕೊಳ್ಳೋದಿಲ್ಲ. ತಮಿಳಿನಲ್ಲೂ ನಂದಾ ವಿಳಕ್ಕು. ಒಂದು ನಂದಾದೀಪದ ತುಪ್ಪಕ್ಕೆ 96 ಕುರಿ ಬಿಟ್ಟ ಲೆಕ್ಕ ಚೋಳರ ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತೆ.

—

ಕುರಿ ಲೆಕ್ಕ ಯಾರು ಕೇಳಿದರು? ‘ದೀಪ’ವೇ ಸಂಸ್ಕೃತ, ಸೊಡರು ಅನ್ನಿ. ಗಂಟೆಯೂ ಸಂಸ್ಕೃತದ ಘಂಟಾ. ‘ಇಳೆಯ ಹೊತ್ತು’ ಅಂತ ಬರೆಯಿರಿ, ಮುಗೀತು.

—

ಇಳೆಯೂ ಸಂಸ್ಕೃತದ ಇಳಾನೇ ಸ್ವಾಮಿ. ಅದೂ ಅಲ್ಲದೆ ‘ಹೊತ್ತು’ ಅಂದರೆ ಬೆಂಕಿ ಹತ್ತೋದೂ ಹೌದು. ಭೂಮಿ ಬಿಸಿಯಾಗ್ತಿದೆ ಅನ್ನೋ ಪೋಸ್ಟರ್ ಮೇಲೆ ಅದನ್ನೇ ಬರೀತೀರಾ?

—

ಹಾಗಾದರೆ ನೆಲ ಅನ್ನಿ. ಒಂದು ಪದ ತಪ್ಪಿತು ಅಂತ ತತ್ವ ತಪ್ಪಾಗೋದಿಲ್ಲ. ಸಿಕ್ಕಿದ್ದೆಲ್ಲ ಎರವಲು ತಂದು ತುಂಬಿಕೊಂಡೇ ಕನ್ನಡ ಹೀಗಾಗಿರೋದು.

—

ಹೇಗಾಗಿದೆ? ‘ಕರೆಂಟ್ ಹೋಯ್ತು’ ಅಂತ ಹಳ್ಳಿಯ ಮುದುಕರೂ ಅಂತಾರೆ. ಎಣ್ಣೆ ಹಾಕಿದರೆ ದೀಪ, ಸ್ವಿಚ್ ಒತ್ತಿದರೆ ಲೈಟು. ಜನ ಎರಡನ್ನೂ ಬೇರೆ ಬೇರೆ ಇಟ್ಟುಕೊಂಡಿದ್ದಾರೆ, ಅದು ಬಡತನ ಅಲ್ಲ. ನೀವು ಸೊಡರು ಅಂದರೆ ಸೆಕ್ಯುರಿಟಿಯವನಿಗೆ ಯಾವ ಸ್ವಿಚ್ ಅಂತ ಗೊತ್ತಾಗುತ್ತಾ? ಅಂದಹಾಗೆ, ‘ಮೇಣದಬತ್ತಿ ಹಚ್ಚಿ’ ಅಂತ ಸೇರಿಸಬೇಡಿ. ಆ ಮೇಣ ಜಾಸ್ತಿ ಬರೋದು ಪೆಟ್ರೋಲಿಯಂನಿಂದಲೇ.

—

ಎಲ್ಲರಿಗೂ ಥ್ಯಾಂಕ್ಸ್. ‘ದೊಡ್ಡದು ಮಾಡಿ’ ಅಂತ ಹಾಕಿದರೆ ನಮ್ಮ ಮಕ್ಕಳು ಇರೋ ಲೈಟೆಲ್ಲ ಹಾಕಿಬಿಡ್ತಾರೆ. ಕೊನೆಗೆ ಅಜ್ಜಿಯನ್ನೇ ಕೇಳಿದೆ. ‘ಲೈಟು ಆರಿಸಿ ಅನ್ನು, ಅದಕ್ಕೇನಂತೆ, ದೀಪ ದೇವರ ಮುಂದಿಂದು’ ಅಂದರು. ‘ಶನಿವಾರ ರಾತ್ರಿ 8:30ಕ್ಕೆ ಲೈಟು ಆರಿಸಿ, ಒಂದು ಗಂಟೆ’ ಅಂತ ಪ್ರಿಂಟಿಗೆ ಕೊಟ್ಟೆ.

—

ಮತ್ತೆ ಗಂಟೆನಾ? ಒಂದು ತಾಸು ಅನ್ನಬಹುದಿತ್ತು.

—

ತಾಸು ಪಾರ್ಸಿಯಿಂದ ಬಂದದ್ದು.