ಟಿ ಕೋಶ ದಣಿಯುತ್ತದೋ, ಮೊಂಡಾಗುತ್ತದೋ?

ಗೆಳೆಯರೇ, ಒಂದು ಪದದ ಹತ್ತಿರ ಬಂದು ಸಿಕ್ಕಿಬಿದ್ದಿದ್ದೇನೆ. ಜಠರದ ಕ್ಯಾನ್ಸರ್ ಇರುವವರಿಗಾಗಿ ಒಂದು ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. (‘ಹೊಟ್ಟೆ ಕ್ಯಾನ್ಸರ್’ ಅಂದರೆ ಕರುಳಿನದೂ ಅದರಲ್ಲೇ ಸೇರಿಬಿಡುತ್ತದೆ, ಅದಕ್ಕೇ ಜಠರ.) ಟಿ ಕೋಶಗಳು (ಸೋಂಕು, ಕ್ಯಾನ್ಸರ್‌ಗಳ ವಿರುದ್ಧ ಹೋರಾಡುವ ಒಂದು ಬಗೆಯ ಬಿಳಿ ರಕ್ತಕಣಗಳು) ‘ಎಕ್ಸಾಸ್ಟ್’ ಆಗುತ್ತವೆ ಎಂಬ ಮಾತು ಅದರಲ್ಲಿ ಪುಟಪುಟಕ್ಕೂ ಬರುತ್ತದೆ. ಮೊದಲು ಸುಮ್ನೆ ‘ದಣಿದ ಟಿ ಕೋಶ’ ಎಂದು ಬರೆದೆ. ಕರಡು ಓದಿದ ಅಕ್ಕ ಕೇಳಿದರು: “ಹಾಗಾದ್ರೆ ಚೆನ್ನಾಗಿ ನಿದ್ದೆ ಮಾಡಿದ್ರೆ ಸರಿಹೋಗತ್ತಾ?” ತಪ್ಪು ಅವರದ್ದಲ್ಲ. ಕನ್ನಡದಲ್ಲಿ ದಣಿವು ಆರುತ್ತದೆ. ‘ದಣಿವಾರಿಸಿಕೊಳ್ಳಿ’ ಅಂತಲೇ ಹೇಳ್ತೀವಿ, ಅಲ್ವಾ?

ಇಲ್ಲಿ ನಡೆಯುವುದೇ ಬೇರೆ. ಟಿ ಕೋಶ ತಿಂಗಳುಗಟ್ಟಲೆ ಗಡ್ಡೆಗೆ ಎದುರಾಗಿ ನಿಂತಿರುತ್ತದೆ. ಹಗೆಯ ಗುರುತು ಮುಂದಿನಿಂದ ಕದಲುವುದೇ ಇಲ್ಲ. ಕೆಣಕಿಸಿಕೊಂಡು ಕೆಣಕಿಸಿಕೊಂಡು ಅದರ ಮೈಮೇಲೆ ಪಿಡಿ-1 ಎಂಬ ಬ್ರೇಕ್ ಜಾಸ್ತಿಯಾಗುತ್ತದೆ. ಪಿಡಿ-ಎಲ್1 ಎಂಬ ಪ್ರೋಟೀನ್ ಹೊತ್ತ ಕ್ಯಾನ್ಸರ್ ಕೋಶಗಳು ಆ ಬ್ರೇಕನ್ನು ಒತ್ತುತ್ತವೆ. ಟಿ ಕೋಶ ಅಲ್ಲೇ ಇರುತ್ತದೆ, ಜೀವವೂ ಇರುತ್ತದೆ. ಆದರೆ ಇಂಟರ್‌ಫೆರಾನ್ ಗಾಮಾ ಎಂಬ ಹೋರಾಟದ ಪ್ರೋಟೀನ್ ಸುರಿಸುವುದು ಕಡಿಮೆ, ಒಂದು ಎರಡಾಗಿ ಹೆಚ್ಚುವುದು ಕಡಿಮೆ, ಕೊಲ್ಲುವುದೂ ಕಡಿಮೆ. (2018ರ ನೊಬೆಲ್ ಇಂಥ ಬ್ರೇಕ್ ಬಿಡಿಸುವ ವಿದ್ಯೆಗೇ ಸಿಕ್ಕಿದ್ದರಿಂದ ‘ಬ್ರೇಕ್’ ಪದ ಬದಲಿಸುವ ಗೋಜಿಗೆ ಹೋಗಿಲ್ಲ.)

‘ದುರ್ಬಲ’ ಎಂದರೆ ಮೊದಲಿಂದಲೂ ಬಲವಿರಲಿಲ್ಲ ಅನ್ನಿಸುತ್ತದೆ. ‘ನಿಷ್ಕ್ರಿಯ’ ಅಂದರೆ ಪೂರ್ತಿ ನಿಂತೇಹೋಯಿತು. ‘ಬಳಲಿದ’ ಚೆನ್ನಾಗಿದೆ, ಆದರೆ ರೋಗಿಯ ಬಳಲಿಕೆಗೇ ಅದು ಬೇಕು. ‘ಜಡ್ಡುಗಟ್ಟಿದ’ ಅರ್ಥಕ್ಕೆ ತುಂಬ ಹತ್ತಿರ. ಉಜ್ಜಿ ಉಜ್ಜಿ ಅಂಗೈ ಜಡ್ಡುಗಟ್ಟುವ ಹಾಗೆ. ಆದರೆ ಗಡ್ಡೆಯ ಮಾತಿನ ಪಕ್ಕದಲ್ಲೇ ಅದು ಬಂದರೆ, ಓದುವವರು ಇನ್ನೊಂದು ಗಂಟು ಎಂದುಕೊಂಡಾರು.

ನನ್ನ ಒಲವು ‘ಮೊಂಡಾದ’ ಕಡೆಗೆ. ಕೊಯ್ದು ಕೊಯ್ದು ಚಾಕು ಮೊಂಡಾಗುತ್ತದೆ, ಮುರಿಯುವುದಿಲ್ಲ. ಮಸೆದರೆ ಹರಿತ. ನಿವೊಲುಮ್ಯಾಬ್‌ನಂಥ, ಪಿಡಿ-1 ಬ್ರೇಕ್ ಬಿಡಿಸುವ ಔಷಧ ಮಾಡುವುದೂ ಹೆಚ್ಚುಕಡಿಮೆ ಇದನ್ನೇ, ಎಲ್ಲರಲ್ಲೂ ಅಲ್ಲದಿದ್ದರೂ. ತೀರಾ ಮೊಂಡಾದದ್ದು ಮಸೆದರೂ ಹರಿತವಾಗುವುದಿಲ್ಲ, ಆ ಮಾತೂ ಟಿ ಕೋಶಕ್ಕೆ ಸರಿಯೇ.

ತೊಡಕು ಒಂದೇ: ಮೊಂಡು ಅಂದರೆ ಹಟವೂ ಹೌದು. ‘ಮೊಂಡು ಟಿ ಕೋಶ’ ಅಂದರೆ ಹೇಳಿದ ಮಾತು ಕೇಳದ ಕೋಶವಾಗಿಬಿಡುತ್ತದೆ. ‘ಮೊಂಡಾದ’ ಎಂದೇ ಬರೆದರೆ ವಾಕ್ಯದೊಳಗೆ ಪಾರಾಗಬಹುದು. ಆದರೆ ಅಧ್ಯಾಯದ ತಲೆಬರಹಕ್ಕೆ ನಾಮಪದ ಬೇಕಲ್ಲ? ‘ಮೊಂಡಾಗುವಿಕೆ’ ನಾಲಿಗೆಗೆ ಒರಟು. ‘ಮೊಂಡುತನ’ ಅಂತೂ ಬರೆಯುವ ಹಾಗೇ ಇಲ್ಲ! ‘ಹರಿತ ಕಳೆದ’ ಅಂದರೆ ಹೇಗೆ? ಅಥವಾ ಕೊಡಲಿ, ಕುಡುಗೋಲು ಹಿಡಿಯುವವರ ಮಾತಿನಲ್ಲಿ ಇದಕ್ಕೆ ಬೇರೆ ಪದ ಇದೆಯೇ?