ಸಹಾಯ ಬೇಕು: ‘ಮಿನ್‌ಸ್ಟ್ರೆಲ್ ಶೋ’ಗೆ ಕನ್ನಡದಲ್ಲಿ ಏನನ್ನೋಣ?

ಪದವಿ ತರಗತಿಗೆ 1890–1910ರ ಅಮೆರಿಕದ ಬಗ್ಗೆ ಕನ್ನಡದಲ್ಲಿ ಪಾಠ ಸಿದ್ಧವಾಗುತ್ತಿದೆ. ಎರಡು ಪದಗಳ ಹತ್ತಿರ ನಿಂತಿದೆ.

‘ಸೆಗ್ರಿಗೇಶನ್’ಗೆ (ಕಪ್ಪು ಜನರನ್ನು ಬಿಳಿಯರಿಂದ ಬೇರೆ ಇಡುವುದು) ‘ಅಸ್ಪೃಶ್ಯತೆ’ ಹೊಂದುವುದಿಲ್ಲ. ಅಲ್ಲಿ ಬೇರ್ಪಡಿಸಿದ್ದು ಕಾನೂನೇ. 1890ರಲ್ಲಿ ಲೂಯಿಸಿಯಾನ ರಾಜ್ಯ ಕಾಯ್ದೆ ತಂದು ಇಬ್ಬರಿಗೂ ರೈಲುಬೋಗಿಗಳನ್ನು ಬೇರೆ ಮಾಡಿತು. 1892ರಲ್ಲಿ ಬಿಳಿಯರ ಬೋಗಿಯಲ್ಲಿ ಕೂತ, ಮಿಶ್ರ ಜನಾಂಗದ ಹೋಮರ್ ಪ್ಲೆಸ್ಸಿಯನ್ನು ಬಂಧಿಸಿದರು. 1896ರಲ್ಲಿ ಸುಪ್ರೀಂ ಕೋರ್ಟ್ 7–1ರಿಂದ ಆ ಕಾಯ್ದೆಯನ್ನು ಎತ್ತಿಹಿಡಿಯಿತು. ‘ಜನಾಂಗ ಪ್ರತ್ಯೇಕತೆ’ ಸಾಕೇ?

ಹೆಚ್ಚು ಕಷ್ಟ ಮಿನ್‌ಸ್ಟ್ರೆಲ್‌ದು. ಸುಟ್ಟ ಬಿರಡೆಯ ಮಸಿ ಮುಖಕ್ಕೆ ಬಳಿದು, ತುಟಿ ದಪ್ಪಗೆ ತೀಡಿ, ಕಪ್ಪು ಜನರನ್ನು ಅಣಕಿಸುವ ಆಟ ಅದು. ‘ಪ್ರಹಸನ’ ಎಂದರೆ ಕ್ರೌರ್ಯವೇ ಕಾಣದು. ‘ಬಿಳಿಯರ ಅಣಕ’ ಎಂದರೆ ಅರ್ಧ ಸತ್ಯ: ಸ್ವತಃ ಕಪ್ಪು ನಟ ಬರ್ಟ್ ವಿಲಿಯಮ್ಸ್ ಕೂಡ ಅದೇ ಮಸಿ ಬಳಿದುಕೊಂಡೇ ರಂಗಕ್ಕೆ ಬರುತ್ತಿದ್ದರು. ‘ಮಸಿಮುಖದ ಆಟ’ ಹೇಗನಿಸುತ್ತದೆ? ರಂಗಭೂಮಿ ಬಲ್ಲವರು ದಯವಿಟ್ಟು ಹೇಳಿ.